ಲ್ಯಾಪ್‌ಟಾಪ್ ಮುಚ್ಚಳದ ಎಣ್ಣೆಸ್ನಾನ

ಅಂಗಳಕ್ಕೆ ನೀರು ಹಾಕಿದೆ. ಹಸುವಿಗೆ ಹುಲ್ಲು ಎಳೆದು ಹಾಕಿದೆ. ನೆನೆಸಿಟ್ಟಿದ್ದ ಹುರುಳಿಯನ್ನು ಬೇಯಲಿಟ್ಟೆ. ಅತ್ತೆಯ ಸೀರೆ ಒಗೆದು ಬೇಲಿಗೆ ಹರವಿದೆ. ಬಿದ್ದಿದ್ದ ತೆಂಗಿನ ಗರಿಗಳನ್ನು ಮೂಲೆಗೆ ಎಳೆದು ಒಟ್ಟಿದೆ. ಇದೆಲ್ಲ ಆದಮೇಲೆ ಲ್ಯಾಪ್‌ಟಾಪಿನ ಮುಚ್ಚಳ ಹಿಡಿದುಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತೆ.

ಮುಚ್ಚಳವೆಂದರೆ ಪರದೆಯ ಬೆನ್ನಿಗಿರುವ ಹೊದಿಕೆ. ತಿಪಟೂರಿನ ನಮ್ಮ ಅಂಗಡಿಯ ಪಕ್ಕದಲ್ಲಿ ರೇಡಿಯೊ, ಟೀವಿ ರಿಪೇರಿ ಮಾಡುವವನು ಹಿಂದಿನ ದಿನ ಅದನ್ನು ಬಿಚ್ಚಿ ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ. "ಇದೊಂದನ್ನ ತಗಂಡೋಗಿ ಅಕ್ಕಾ. ಮಿಕ್ಕಿದ್ದು ನನ್ತಾವ್ಲೇ ಇರ್ಲಿ. ಪೂರ್ತಿ ಕೊಟ್ರೆ ಹುಣಸೆಹಣ್ಣು ಹಾಕಿ ಬೆಳಗ್ಬುಡ್ತೀರ" ಎಂದು ನಕ್ಕಿದ್ದ. ನನಗೆ ನಗು ಬಂದಿರಲಿಲ್ಲ, ಆದರೂ ನಕ್ಕಿದ್ದೆ.

ಅಂಗಡಿ ನಮ್ಮ ಯಜಮಾನರದು. ಹೆಚ್ಚಾಗಿ ಮದುವೆ ಕಾರ್ಡುಗಳು. ಅಕ್ಷರ ಜೋಡಿಸಿ ಪ್ರೆಸ್ಸಿಗೆ ಕೊಡುತ್ತಿದ್ದರು. ಲಗ್ನದ ತಿಂಗಳುಗಳಲ್ಲಿ ಲ್ಯಾಪ್‌ಟಾಪನ್ನು ಹೊನ್ನವಳ್ಳಿಯ ಮನೆಗೇ ತರುತ್ತಿದ್ದರು. ಅವರು ಓದಿ ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಅವರು ಹೋದಮೇಲೆ ಅಂಗಡಿಯ ಬಾಗಿಲು ತೆಗೆದಿರಲಿಲ್ಲ. ಈ ಮುಚ್ಚಳದ ಕೆಲಸ ಮುಗಿಸಿ ಮಾರನೆಯ ದಿನ ನಾನೇ ತೆಗೆಯುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಗಂಡನಿಲ್ಲದವಳ ಕೈಯಲ್ಲಿ ಮದುವೆ ಕಾರ್ಡು ಮಾಡಿಸಲು ಯಾರು ಬರುತ್ತಾರೆ? ಊರವರ ಮಾತಿರಲಿ, ಮನೆಯಲ್ಲೇ ಅತ್ತೆ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ನಾನು ಹೇಳಿ ಒಂದು ವಾರವಾಗಿತ್ತು. ಅವರು ಬೇಡವೆಂದರೆ ನಾನು ಹೊಸಿಲು ದಾಟುತ್ತಿರಲಿಲ್ಲ.

ಎದುರು ಕೂತ ಗಿರಾಕಿಗೆ ನನ್ನ ಮುಖಕ್ಕಿಂತ ಮೊದಲು ಕಾಣುವುದು ಈ ಮುಚ್ಚಳ. ಅದಾದರೂ ಲಕ್ಷಣವಾಗಿರಲಿ ಎನಿಸಿತ್ತು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಮೇಲಿನ ರಬ್ಬರಿನಂಥ ಪದರ ಕರಗಿ, ಮುಟ್ಟಿದರೆ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು. ಅಂಗಡಿ ಎದುರಿನ ಕೊಬ್ಬರಿ ಮಂಡಿಯ ಧೂಳೆಲ್ಲ ಅದರ ಮೇಲೆ ಕೂತಿತ್ತು.

ಹಳೇ ಬನಿಯನ್ ಚೂರನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತಿಕ್ಕಿದೆ. ಬನಿಯನ್ ಅವರದೇ. ಮೇಣ ಸುರುಳಿ ಸುರುಳಿಯಾಗಿ ಎದ್ದು ಬಂತು. ಆಮೇಲೆ ನೀರು ಚಿಮುಕಿಸಿ ನಯವಾದ ಸ್ಯಾಂಡ್ ಪೇಪರಿನಿಂದ ಒಂದೇ ದಿಕ್ಕಿಗೆ ಉಜ್ಜಿದೆ. ಮಾತಾಡಿಸುವವರಿಲ್ಲದ ಕೆಲಸ ಬೇಗ ಮುಗಿಯುವುದಿಲ್ಲ. ಕೊನೆಗೆ ಬಿಳಿಚಿಕೊಂಡ ಪ್ಲಾಸ್ಟಿಕ್ ಕಂಡಿತು. ಮೊರದಲ್ಲಿಟ್ಟು, ಜಗಲಿಯ ಮೇಲೆ ಒಣಗಲು ಬಿಟ್ಟು, ಹಸುವಿಗೆ ನೀರು ಕುಡಿಸಲು ಹೋದೆ.

ಬರುವಷ್ಟರಲ್ಲಿ ಅದಕ್ಕೆ ಹೊಳಪು ಬಂದಿತ್ತು. ಉಜ್ಜಿದ್ದಕ್ಕೇ ಇರಬೇಕೆಂದು ಸ್ಪ್ರೇ ಡಬ್ಬಿ ಕುಲುಕಿ ಕರಿ ಬಣ್ಣ ಹೊಡೆದೆ. ಬಣ್ಣ ಕೂರಲೇ ಇಲ್ಲ. ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಸರಿದು, ನಡುನಡುವೆ ಬರಿಮೈ ಬಿಟ್ಟಿತು. ಬೆರಳಿಂದ ಮುಟ್ಟಿ ಮೂಸಿದೆ. ಕೊಬ್ಬರಿ ಎಣ್ಣೆ.

"ಅತ್ತೆ, ಇದಕ್ಕೆ ಎಣ್ಣೆ ಹಚ್ಚಿದ್ರಾ?"

"ಹೂಂ ಕಣೇ. ಒಡೆದ ಹಿಮ್ಮಡಿ ಥರ ಬೆಳ್ಳಗಾಗಿತ್ತು."

"ಬಣ್ಣಾನೇ ಹಿಡೀತಿಲ್ವಲ್ಲತ್ತೆ! ಇದೇನು ಕೂಸಾ ಎಣ್ಣೆ ಹಚ್ಚೋಕೆ?"

"ನಾಳೀಕೆ ಅಂಗ್ಡಿಗೆ ಹೊಂಟದಲ್ಲ. ಅವ್ನು ಅಂಗ್ಡಿ ಇಟ್ಟಾಗ್ಲೂ ಹಿಂದಿನ ದಿನ ನಾನೇ ನೆತ್ತಿಗೆ ಎಣ್ಣೆ ಒತ್ತಿದ್ದು. ಒಣತಲೇಲಿ ಯಾರಾರ ಮೊದಲ್ನೇ ದಿನ ಹೋಯ್ತಾರಾ?"

ಆ ವಾರದಲ್ಲಿ ಅಂಗಡಿಯ ವಿಷಯವಾಗಿ ಅವರು ಆಡಿದ ಮೊದಲ ಮಾತು ಅದು.

"ಎಣ್ಣೆ ಒತ್ತಿದ ಮೇಲೆ ತಲೆ ತೊಳೀಬೇಕಲ್ಲ?" ಎಂದೆ.

"ಸೀಗೇಪುಡಿ ಅಟ್ಟದ ಮೇಲಿನ ಡಬ್ಬೀಲದೆ, ತಗಂಬಾ."

ಹಸಿ ಬಣ್ಣವನ್ನು ಸ್ಪಿರಿಟ್ಟಿನಿಂದ ಒರೆಸಿ ತೆಗೆದೆ. ಅತ್ತೆ ಚೊಂಬಿನಲ್ಲಿ ಬಿಸಿನೀರು ಹೊಯ್ದರು, ನಾನು ಸೀಗೆ ಹಾಕಿ ತಿಕ್ಕಿದೆ.

"ಮೆತ್ತಗೆ ಕಣೇ, ಕಣ್ಣಿಗೆ ಬಿದ್ದಾತು."

"ಇದಕ್ಕೆಲ್ಲಿ ಕಣ್ಣು ಅತ್ತೆ?"

"ನಿಂಗೆ ಕಣೇ."

ನನ್ನ ಕಣ್ಣು ಆಗಲೇ ಉರಿಯುತ್ತಿತ್ತು. ಸೀಗೆಗೇ ಇರಬೇಕು.

ಒಣಗಿಸಿ ಮತ್ತೆ ಹೊಡೆದಾಗ ಬಣ್ಣ ಸುಮ್ಮನೆ ಕೂತಿತು. ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಜಾಗ ಮಾತ್ರ ಹಿಡಿಯಲಿಲ್ಲ. ಬಿಟ್ಟೆ. ದೀಪ ಹಚ್ಚುವ ಹೊತ್ತಿಗೆ ಅತ್ತೆ ಎಣ್ಣೆ ಬಟ್ಟಲು ಹಿಡಿದು ಬಂದು ಕಂಬಕ್ಕೆ ಒರಗಿ ಕೂತರು.

"ಇಲ್ಬಾ. ನಿನ್ನ ತಲೇನೂ ಒಣಗ್ಹೋಗದೆ."

ಅವರ ಮುಂದೆ ಕೂತೆ. ಯಜಮಾನರು ಹೋದಮೇಲೆ ನನ್ನ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಅತ್ತೆ ಬಹಳ ಹೊತ್ತು ಒತ್ತಿದರು. ಜಗಲಿಯ ತುಂಬ ಬಣ್ಣದ ವಾಸನೆ, ಎಣ್ಣೆಯ ವಾಸನೆ. ಓದಿ ಹೇಳುವವರಿಲ್ಲದೆ ಕಾರ್ಡು ಹೇಗೆ ಟೈಪು ಮಾಡುತ್ತೇನೋ ಎಂದುಕೊಂಡೆ.

ಮುದ್ದೆ, ಹುರುಳಿಕಾಳು ಸಾರು ಉಂಡೆವು. ಅತ್ತೆ ಕೈ ತೊಳೆದು ಬಂದವರೇ, "ಮೊದಲ್ನೇ ಬಸ್ಸಿಗೆ ಹೋಗ್ಬೇಕಲ್ಲ, ಮನಿಕ್ಕೊ" ಎಂದು ಗೋಡೆ ಕಡೆ ತಿರುಗಿದರು. ಮೊದಲು ನಿದ್ದೆ ಬಂದದ್ದು ಅವರಿಗೆ.