ಬೀಗ ಬೀಳುವ ಮುನ್ನ ಒಂದು ಮದುವೆ

ಕಳೆದ ವಾರ ಚಪ್ಪಲಿ ಸ್ಟ್ಯಾಂಡು ಹುಡುಕಿಕೊಂಡು ಶಿವಾಜಿನಗರದ ಹಳೇ ಫರ್ನಿಚರ್ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ತೇಗದ ಉದ್ದನೆಯ ಬೆಂಚೊಂದಿತ್ತು. ಅದರ ಬೆನ್ನಿನ ಮೇಲಂಚಿನಲ್ಲಿ ಅಲ್ಲಲ್ಲಿ ಅರ್ಧಚಂದ್ರದಂಥ ಕಚ್ಚು.

"ಕಾರ್ಪೆಂಟರ್ ಮಿಸ್ಟೇಕ್ ಸಾರ್. ಬೇಕಾದ್ರೆ ಮುಚ್ಚಿಸಿ ಕೊಡ್ತೀನಿ" ಎಂದರು ಅಂಗಡಿಯವರು.

ಅದು ಬಂದೂಕು ಆನಿಸಿಡಲು ಕೊರೆದದ್ದು ಎಂದೆ. ಅವರು ನಂಬಲಿಲ್ಲ. ನೀವಾದರೂ ನಂಬಿ.

ಹಲಸೂರಿನಲ್ಲಿ ನಮ್ಮ ಮನೆಗೂ ಒಂದು ಆಂಗ್ಲಿಕನ್ ಚರ್ಚಿಗೂ ನಡುವೆ ಇದ್ದದ್ದು ಒಂದೇ ಗೋಡೆ. ದಂಡಿನ ಇಂಗ್ಲಿಷ್ ಸಿಪಾಯಿಗಳಿಗಾಗಿ ಕಟ್ಟಿದ್ದು. ಅವರು ಪ್ರಾರ್ಥನೆಗೂ ಬಂದೂಕು ಹಿಡಿದೇ ಬಂದು, ಮುಂದಿನ ಬೆಂಚಿನ ಇಂಥದೇ ಕಚ್ಚಿಗೆ ಆನಿಸಿಡುತ್ತಿದ್ದರಂತೆ. ಅವರು ಹೋದ ಮೇಲೆ ಅದೇ ಬೆಂಚುಗಳಲ್ಲಿ ರೈಲ್ವೆಯವರು, ಟೀಚರುಗಳು, ಟೆಲಿಫೋನಿನವರು ಕುಳಿತರು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅವರ ಮಕ್ಕಳೂ ಚದುರಿದ್ದರು. ಕೆಲವರು ಆಸ್ಟ್ರೇಲಿಯಕ್ಕೆ, ಕೆಲವರು ವೈಟ್‌ಫೀಲ್ಡಿಗೆ. ನಮ್ಮಮ್ಮನ ಲೆಕ್ಕದಲ್ಲಿ ಎರಡೂ ಒಂದೇ ದೂರ.

ಉಳಿದವರಲ್ಲಿ ಡೊರತಿ ಆಂಟಿ ಒಬ್ಬರು. ರಿಟೈರಾದ ಟೀಚರು, ಮದುವೆಯಾಗಿರಲಿಲ್ಲ. ಕಾಲಲ್ಲಿ ತುಳಿಯುವ ದೊಡ್ಡ ಹಾರ್ಮೋನಿಯಂ ಬಾರಿಸುತ್ತಿದ್ದರು. ಇನ್ನೊಬ್ಬರು ಅರುಳ್ ಅಂಕಲ್, ಹೆಂಡತಿಯನ್ನು ಕಳೆದುಕೊಂಡು ವರ್ಷಗಳಾಗಿದ್ದವು. ಬಂದೂಕಿನ ಕಚ್ಚಿನಲ್ಲಿ ಛತ್ರಿ ಸಿಕ್ಕಿಸಿ ನಿಂತು ಹಾಡುತ್ತಿದ್ದರು. ಆಂಟಿಯದು ಓಟ, ಅಂಕಲ್‌ದು ನಡಿಗೆ. ಹಾರ್ಮೋನಿಯಂ ನಿಂತ ಮೇಲೂ ಅವರಿಗೆ ಅರ್ಧ ಸಾಲು ಬಾಕಿಯಿರುತ್ತಿತ್ತು. ಆಮೇಲೆ ಜಗಳ. ಗೋಡೆಯ ಈಚೆ ನಮಗೆ ಭಾನುವಾರವಾಯಿತೆಂದು ತಿಳಿಯುತ್ತಿದ್ದುದೇ ಅದರಿಂದ.

ಒಂದು ಭಾನುವಾರ ಹಾಡು ಮುಗಿದರೂ ಜಗಳ ಕೇಳಿಸಲಿಲ್ಲ. ಅಮ್ಮ ಗಾಬರಿಯಾಗಿ ನನ್ನನ್ನು ಅಟ್ಟಿದರು. ಜನ ಸಾಲದ್ದಕ್ಕೆ ತಿಂಗಳಲ್ಲಿ ಚರ್ಚು ಮುಚ್ಚುವುದಾಗಿ ಪಾದ್ರಿಗಳು ಆಗಷ್ಟೇ ಹೇಳಿದ್ದರು. ಆಂಟಿ ಇನ್ನು ತಮ್ಮ ಮನೆ ಹತ್ತಿರದ ಬೆನ್ಸನ್ ಟೌನಿನ ಚರ್ಚಿಗೆ, ಅಂಕಲ್ ಬೈಯಪ್ಪನಹಳ್ಳಿಯ ಚರ್ಚಿಗೆ ಹೋಗಬೇಕು. ನಾನು ಬಾಗಿಲಲ್ಲಿ ನಿಂತಿದ್ದೆ.

"ಇನ್ಮೇಲೆ ನಾನ್ಯಾರ ಜತೆ ಜಗಳ ಆಡ್ಲಿ, ಡೊರತಿ?" ಎಂದರು ಅಂಕಲ್.

ಆಂಟಿ ಹಾಡಿನ ಪುಸ್ತಕಗಳನ್ನು ಜೋಡಿಸುತ್ತಲೇ ಇದ್ದರು. ಕೊನೆಗೆ, "ಅದಕ್ಕೆ ಚರ್ಚೇ ಬೇಕಾ ಅರುಳ್?" ಎಂದರು.

ಅದು ಮದುವೆಯ ಮಾತುಕತೆಯೆಂದು ನನಗೆ ಹೊಳೆಯಲಿಲ್ಲ. ಮನೆಗೆ ಬಂದು ಹೇಳಿದಾಗ ಅಮ್ಮ ಒಲೆ ಆರಿಸಿ, "ಪೆದ್ದ, ಇನ್ನೊಂದ್ಸಲ ಹೇಳು" ಎಂದರು.

ಪದ್ಧತಿಯಂತೆ ಮೂರು ಭಾನುವಾರ ಪಾದ್ರಿಗಳು ಮದುವೆಯ ಪ್ರಕಟಣೆ ಓದಿದರು. ಬೀಗ ಹಾಕುವ ಹಿಂದಿನ ದಿನ ಮದುವೆ. ಆದರೆ ಹಾರ್ಮೋನಿಯಂ ಬಾರಿಸುವವರೇ ಮದುಮಗಳಾದರೆ ಬಾರಿಸುವವರು ಯಾರು? "ನೀನೇ ಕಣ್ಣಾ, ಒಂದೇ ಟ್ಯೂನು" ಎಂದು ಆಂಟಿ ನನಗೆ ದಿನಾ ಸಂಜೆ ಕಲಿಸಿದರು.

ಆ ದಿನ ಇಡೀ ಬೀದಿ ಒಳಗಿತ್ತು. ಎದುರು ಮನೆಯ ಟೈಲರ್ ನಯಾಜ್ ಭಾಯಿ ತಾವೇ ಹೊಲಿದ ಕೋಟನ್ನು ಅಂಕಲ್‌ಗೆ ತೊಡಿಸಿ ಮುಂದಿನ ಸಾಲಲ್ಲಿ ಕುಳಿತಿದ್ದರು. ಬಿಳಿ ಸೀರೆಯ ಆಂಟಿ ಬಾಗಿಲಲ್ಲಿ ಕಾಣಿಸಿದ್ದೇ ನನ್ನ ಕೈಕಾಲು ಬೇರೆಬೇರೆ ಹಾಡು ಶುರುಮಾಡಿದವು. ಆಂಟಿ ನಾಲ್ಕು ಹೆಜ್ಜೆ ಸಹಿಸಿದರು. ಆಮೇಲೆ ಸರಸರನೆ ಬಂದು ಹೂಗುಚ್ಛವನ್ನು ನನ್ನ ಕೈಗಿತ್ತು, "ಸ್ವಲ್ಪ ಜರುಗು" ಎಂದು ಕೂತು, ತಮ್ಮ ಮದುವೆಯ ಹಾಡನ್ನು ತಾವೇ ಪೂರ್ತಿ ಬಾರಿಸಿ, ಎದ್ದು ಹೋಗಿ ಅಂಕಲ್ ಪಕ್ಕ ನಿಂತರು.

"ಇವತ್ತಾದ್ರೂ ನಿಧಾನವಾಗಿ ಬಾರಿಸಬಾರದಿತ್ತಾ?" ಎಂದರು ಅಂಕಲ್. ಪಾದ್ರಿಗಳಿಗೆ ನಗು ತಡೆದು ಓದಲು ಬಹಳ ಹೊತ್ತು ಬೇಕಾಯಿತು.

ಬೆನ್ಸನ್ ಟೌನಿನಲ್ಲಿ ಅವರು ಬಹುಕಾಲ ಸುಖವಾಗಿ ಸಂಸಾರ ಮಾಡಿದರು. ಈಗ ಇಬ್ಬರೂ ಇಲ್ಲ.

ಅಂಗಡಿಯಿಂದ ನೇರ ಹಲಸೂರಿಗೆ ಹೋದೆ. ಚರ್ಚಿನ ಗೇಟಿನ ಮುಂದೆ ತರಕಾರಿ ಚೀಲ ಹಿಡಿದ ಹೆಂಗಸೊಬ್ಬರು ನಿಂತಿದ್ದರು. ಎದುರಿನ ಅಪಾರ್ಟ್‌ಮೆಂಟಿಗೆ ಹೊಸಬರು. ಇದೇನು ಬಿಲ್ಡಿಂಗು ಎಂದು ಕೇಳಿದರು. ಇಷ್ಟು ವರ್ಷ ಯಾರು ಕೇಳಿದರೂ, "ಚರ್ಚು, ಪಾಪ, ಮುಚ್ಚಿಹೋಯ್ತು" ಎಂದು ಮುಂದೆ ನಡೆಯುತ್ತಿದ್ದೆ. ಈ ಸಲ ನಿಂತೆ.

"ನಮ್ಮ ಡೊರತಿ ಆಂಟಿ ಮದುವೆಯಾದ ಚರ್ಚು" ಎಂದೆ.

"ಹೌದಾ? ಒಳಗೆ ನೋಡ್ಬಹುದಾ ಸಾರ್?"

"ಬೀಗ ಹಾಕಿದಾರೆ. ಒಳಗಿನದ್ದು ನಾನು ಹೇಳ್ತೀನಿ, ಟೈಮ್ ಇದೆಯಾ?"

ಆಕೆ ಚೀಲ ಕೆಳಗಿಟ್ಟರು.