ಒಂದೇ ಪೆಟ್ಟಿಗೆ, ಇಬ್ಬರು ಬೀಗರು

ಅಪ್ಪನದು ಮಾನ್ವಿಯಲ್ಲಿ ಅಕ್ಕಿ ಗಿರಣಿ. ಮಾವನವರದು ದೇವದುರ್ಗದಲ್ಲಿ ಬೀಜ, ಗೊಬ್ಬರದ ಅಂಗಡಿ. ನಾನೂ ನಮ್ಮವರೂ ರಾಯಚೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇವೆ. ನಮ್ಮ ಮದುವೆಯ ಊಟದಲ್ಲಿ ಮಾವನವರು ಕೂತ ಪಂಕ್ತಿಗೆ ಹೋಳಿಗೆಯ ಮೇಲೆ ಎರಡನೇ ಸಲ ತುಪ್ಪ ಬರಲಿಲ್ಲವಂತೆ. ಬಂದಿತ್ತು ಎಂದು ಅಪ್ಪ, ಬರಲೇ ಇಲ್ಲ ಎಂದು ಮಾವನವರು. ಅಂದಿನಿಂದ ಬೀಗರಿಬ್ಬರಿಗೂ ಮಾತಿಲ್ಲ. ತವರಿಗೆ ಹೊರಟರೆ ಶತ್ರುದೇಶಕ್ಕೆ ಹೋದವಳಂತೆ ಅತ್ತೆಮನೆಯವರು ನೋಡುತ್ತಿದ್ದರು. ಈಗ ನಗುತ್ತಾ ಹೇಳುತ್ತೇನೆ, ಆಗ ಬಹಳ ಸಂಕಟಪಟ್ಟಿದ್ದೇನೆ.

ಇಬ್ಬರಿಗೂ ವ್ಯಾಪಾರದ ಲೆಕ್ಕ ಇಡಲು ಸರ್ವರ್ ಬೇಕಾಯಿತು. ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದದ್ದು ಒಂದೇ ಹಳೆಯ ಯಂತ್ರ. ಅದರೊಳಗೆ ಕಂಟೇನರ್ ಎಂಬ ಬೇರೆ ಬೇರೆ ಖಾನೆಗಳನ್ನು ಮಾಡಿದರೆ ಒಬ್ಬೊಬ್ಬರಿಗೂ ತಮ್ಮದೇ ಸರ್ವರ್ ಇದ್ದಂತೆ.

"ಮನಿ ಒಂದ, ಒಲಿ ಬ್ಯಾರೆ ಬ್ಯಾರೆ. ತಲಬಾಗಿಲ ಮಾತ್ರ ಎಲ್ಲಾರಿಗೂ ಕೂಡಿ ಒಂದಪ್ಪಾ," ಎಂದು ಬಿಡಿಸಿ ಹೇಳಿದೆ.

"ಒಲಿ ಬ್ಯಾರೆ ಅದ ಅಲ್ಲ, ಸಾಕು. ಅವರ ಹೊಗಿ ನನ್ನ ಕಡಿ ಬರಬಾರದು," ಎಂದ ಅಪ್ಪ.

ಮಾವನವರು ಹೇಳಿದ್ದೂ ಇದನ್ನೇ, ಇನ್ನಷ್ಟು ಜೋರಾಗಿ. ಮನೆ ಎಂದರೆ ನಮ್ಮ ಅಂಗಡಿ, ಒಲೆ ಎಂದರೆ ತಮ್ಮದೊಂದು ಪ್ರತ್ಯೇಕ ಪೆಟ್ಟಿಗೆ ಎಂದು ಇಬ್ಬರೂ ತಿಳಿದಿದ್ದರೆಂಬುದು ನನಗೆ ಆಮೇಲೆ ಗೊತ್ತಾಯಿತು.

ನಾನು ತಲೆಬಾಗಿಲು ಎಂದದ್ದಕ್ಕೆ ನಮ್ಮ ಕಸುಬಿನಲ್ಲಿ ಕರ್ನಲ್ ಎನ್ನುತ್ತಾರೆ, ಯಂತ್ರ ನಡೆಸುವ ತಂತ್ರಾಂಶದ ತಿರುಳು. ಅದನ್ನು ರಿಪೇರಿ ಮಾಡಿ ಯಂತ್ರವನ್ನು ರೀಬೂಟ್ ಮಾಡಿದರೆ, ಎಂದರೆ ಆರಿಸಿ ಮತ್ತೆ ಹಚ್ಚಿದರೆ, ಎಲ್ಲರ ಒಲೆಯೂ ಒಟ್ಟಿಗೇ ಆರುತ್ತದೆ. ಯಾವ ಲಿನಕ್ಸ್ ಹಾಕಬೇಕೆಂಬ ನಮ್ಮ ಗಂಡಹೆಂಡಿರ ಜಗಳ ಹುಟ್ಟಿದ್ದು ಇಲ್ಲಿಯೇ. ಲಿನಕ್ಸ್ ಎಂಬ ಆ ತಂತ್ರಾಂಶ ಒಂದೇ ಆದರೂ ಹತ್ತಾರು ತಂಡಗಳು ಅದನ್ನು ತಮ್ಮ ತಮ್ಮ ಕೈರುಚಿಗೆ ತಕ್ಕಂತೆ ಕಟ್ಟಿ ಹಂಚುತ್ತವೆ. ನಾನು ಡೆಬಿಯನ್ ಎಂದೆ. ಹಳೆಯ ಯಂತ್ರಕ್ಕೆ ಹಗುರ, ತನ್ನ ಪಾಡಿಗೆ ತಾನಿರುತ್ತದೆ, ಆಗೊಮ್ಮೆ ಈಗೊಮ್ಮೆ ರೀಬೂಟ್ ಕೇಳುತ್ತದೆ. ನಮ್ಮವರು ಉಬುಂಟು ಎಂದು ಪಟ್ಟು ಹಿಡಿದರು.

"ಇದರಾಗ ರೀಬೂಟ್ ಮಾಡದನ ಕರ್ನಲ್ ರಿಪೇರಿ ಮಾಡಬಹುದು. ಬಂದ್ ಮಾಡೂ ತ್ರಾಸನ ಇಲ್ಲ," ಎಂದರು.

ಎರಡು ದಿನ ಸಾರಿಗೆ ಉಪ್ಪು ಹೆಚ್ಚಾದ ಮೇಲೆ, ಮೊದಲು ನನ್ನದನ್ನು ಹಾಕಿ ನೋಡೋಣವೆಂದು ಒಪ್ಪಿದರು.

ರೀಬೂಟಿಗೆ ಅಮಾವಾಸ್ಯೆಯನ್ನು ಗೊತ್ತುಮಾಡಿದೆ. ಅಂದು ಗಿರಣಿ ನಿಲ್ಲಿಸಿ ಯಂತ್ರಗಳನ್ನು ಒರೆಸಿ ಪೂಜೆ ಮಾಡುತ್ತಾರೆ. ಮಾವನವರ ಅಂಗಡಿಯಲ್ಲೂ ತಕ್ಕಡಿಗೆ ಪೂಜೆ. "ಅಮಾಸಿ ದಿನ ನಿಮ್ಮ ಸರ್ವರ್ ಬಂದ್ ಇರತದ," ಎಂದು ಇಬ್ಬರಿಗೂ ಫೋನ್ ಮಾಡಿದೆ. ನಮ್ಮ ಕಡೆ ಅಮಾವಾಸ್ಯೆಗೆ ಯಂತ್ರ ನಿಂತಿತೆಂದರೆ ಪೂಜೆಗೇ ನಿಂತಿತೆಂದು ಅರ್ಥ, ಇದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅಮಾವಾಸ್ಯೆಯ ಬೆಳಗ್ಗೆ ಯಂತ್ರ ಆರಿಸಿ ಕೂತಿದ್ದೆ. ಅಪ್ಪ ಮಾನ್ವಿ ಬಸ್ಸಿಳಿದು ತೆಂಗಿನಕಾಯಿ, ವಿಭೂತಿ, ಊದಿನಕಡ್ಡಿ ಹಿಡಿದು ಬಂದ. ಅವನ ಬೆನ್ನಿಗೇ ಮಾವನವರು, ಗಬ್ಬೂರಿನ ಮೇಲೆ ಬರುವ ಬಸ್ಸಿಗೆ, ಇನ್ನೂ ದೊಡ್ಡ ಕಾಯಿ ಹಿಡಿದು.

"ಯವ್ವಾ, ನಂದು ಯಾವುದು?" ಎಂದ ಅಪ್ಪ.

"ಮದಲ ನಂದು ತೋರಸವಾ," ಎಂದರು ಮಾವನವರು.

ನಾನು ಇದ್ದ ಒಂದೇ ಪೆಟ್ಟಿಗೆಯತ್ತ ಕೈ ತೋರಿಸಿದೆ. ಇಬ್ಬರೂ ಸಿಟ್ಟಿನಿಂದ ಎದ್ದು ಹೋದರೆ ತವರೂ ಅತ್ತೆಮನೆಯೂ ಇನ್ನು ಒಂದಾಗುವುದಿಲ್ಲವೆಂದು ಹೆದರಿದೆ.

ಅಪ್ಪ ಪೆಟ್ಟಿಗೆಯ ಮುಂಭಾಗಕ್ಕೆ ವಿಭೂತಿ ಬಳಿದ. ಮಾವನವರು ಬಿಟ್ಟಾರೆಯೇ? ಹಿಂದಕ್ಕೆ ಹೋಗಿ ವೈರುಗಳ ಸಂದಿಯಲ್ಲಿ ತೂರಿಕೊಂಡು ಕುಂಕುಮವಿಟ್ಟರು. ಅಷ್ಟರಲ್ಲಿ ಅಪ್ಪ ಕಾಯಿ ಬೆಳಗಿ, ಪಕ್ಕದ ಕಬ್ಬಿಣದ ಸ್ಟ್ಯಾಂಡಿನ ಅಂಚಿಗೇ ಕುಟ್ಟಿಬಿಟ್ಟ. ಕಾಯಿ ಬಿರಿದು ನೀರು ಪೆಟ್ಟಿಗೆಯ ಕಡೆಗೆ ಚಿಮ್ಮಿತು. ನಾನು ಕಿರುಚಿದೆ, ನಮ್ಮವರು ಓಡಿಬರುತ್ತಾ ಕುರ್ಚಿ ಎಡವಿದರು. ಹಿಂದಿನಿಂದ ಮಾವನವರು ಇಸ್ತ್ರಿಯ ಶಲ್ಯವನ್ನು ಒಡ್ಡಿ ನೀರನ್ನೆಲ್ಲ ಹಿಡಿದರು.

"ಬೀಗರ, ಸ್ವಲ್ಪ ಆ ಕಡಿ ಒಡೀರಿ! ಒಳಗ ನಂದೂ ಅದ!"

"ನಂದೂ ಅದರೀ ಬೀಗರ. ಕೈ ಜಾರಿತು," ಎಂದ ಅಪ್ಪ, ಒಂದು ಹೋಳನ್ನು ಅವರ ಕೈಗಿಟ್ಟು.

ಮದುವೆಯ ನಂತರ ಅವರಾಡಿದ ಮೊದಲ ಮಾತು ಅದು. ನನಗೆ ಅಳು ಬಂತು. ಆಮೇಲೆ ಒಂದೇ ಚಾಪೆಯಲ್ಲಿ ಕೂತು ಒಗ್ಗರಣೆ ಮಂಡಕ್ಕಿಯ ಸೂಸಲಾ, ಮಿರ್ಚಿ ತಿನ್ನುತ್ತಾ ಇಬ್ಬರೂ ತುಪ್ಪದ ಜಗಳವನ್ನು ಮತ್ತೆ ಮೊದಲಿನಿಂದ ಆಡಿದರು, ಈ ಸಲ ಎದುರುಬದುರಾಗಿ.

ಈಗ ಪ್ರತಿ ಅಮಾವಾಸ್ಯೆಗೂ ಬರುತ್ತಾರೆ. ಕಾಯಿ ಮಾತ್ರ ಅಂಗಳದಲ್ಲಿ ಒಡೆಯಬೇಕೆಂದು ಕರಾರು ಮಾಡಿದ್ದೇನೆ. ಎಷ್ಟೋ ತಿಂಗಳು ಡೆಬಿಯನ್ ರೀಬೂಟ್ ಕೇಳುವುದೇ ಇಲ್ಲ. ಕೇಳದಿದ್ದರೂ ನಾನು ಮಾಡುತ್ತೇನೆ.

ಮೊನ್ನೆ ನಮ್ಮವರು ಮೆಲ್ಲಗೆ ಹಳೆಯ ರಾಗ ತೆಗೆದರು. "ಉಬುಂಟು ಹಾಕಿದ್ರ ಬಂದ್ ಮಾಡೂದ ಬೇಕಾಗೂದಿಲ್ಲ ನೋಡು."

"ಅದಕ್ಕ ಬ್ಯಾಡ ಅನ್ನಾಕತ್ತೀನ್ರೀ," ಎಂದೆ.