ಏಳು ದಿನ ಹಾಡಬೇಕಿದ್ದ ರೇಡಿಯೋಗಳು

ಬಲ್ಮಠದ ರೇಡಿಯೋ ಕಾರ್ಖಾನೆಗೆ ನಾನು ಮ್ಯಾನೇಜರಾದದ್ದು ಅರವತ್ತರ ದಶಕದ ಆರಂಭದಲ್ಲಿ. ಅದುವರೆಗೆ ಒಂದು ಕಂಪೆನಿಯ ಸೋಪು ಮಾರಾಟ ನೋಡಿಕೊಳ್ಳುತ್ತಿದ್ದೆ. ಮದರಾಸಿನಲ್ಲಿ ಓದಿದ್ದು ತತ್ತ್ವಶಾಸ್ತ್ರ. ವಾಲ್ವು ಯಾವುದು, ಕಂಡೆನ್ಸರ್ ಯಾವುದು ಎಂದೇ ಗೊತ್ತಿರಲಿಲ್ಲ. ಮಾರಲು ಬರುತ್ತದೆಂಬ ಒಂದೇ ಕಾರಣಕ್ಕೆ ಪಾಲುದಾರರು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು.

ಅಲ್ಲಿನ ಹಿರಿಯ ಮೆಕ್ಯಾನಿಕ್ ಕೊಂಕಣಿ ಮನೆಮಾತಿನ ಕ್ರೈಸ್ತರು. ಅವರದೊಂದು ಪದ್ಧತಿ ಇತ್ತು. ಜೋಡಿಸಿದ ಪ್ರತಿ ರೇಡಿಯೋ ನಮ್ಮ ಕಡಲ ಗಾಳಿಯ ತೇವದಲ್ಲಿ ಏಳು ದಿನ ಹಾಡಬೇಕು. ಆಮೇಲೆ ಹಿಂಬದಿಯ ರಟ್ಟಿನ ಒಳಗೆ ಕೆಂಪು ಪೆನ್ಸಿಲಿನಲ್ಲಿ 7 ಎಂದು ಬರೆದು ಮುಚ್ಚುತ್ತಿದ್ದರು. ಆ ಗುರುತಿಲ್ಲದ ರೇಡಿಯೋ ಗೇಟು ದಾಟುತ್ತಿರಲಿಲ್ಲ.

ಒಂದು ವರ್ಷ ದೀಪಾವಳಿಗೆ ಮೊದಲು ನಲವತ್ತು ರೇಡಿಯೋ ಕೊಡುವುದಾಗಿ ಹಂಪನಕಟ್ಟೆಯ ಅಂಗಡಿಯೊಂದಕ್ಕೆ ನಾನು ಮಾತು ಕೊಟ್ಟುಬಿಟ್ಟೆ.

"ಎರಡು ದಿನ ಸಾಕಾಗ್ತದಲ್ಲ?" ಎಂದು ಮೆಕ್ಯಾನಿಕ್‌ರನ್ನು ಕೇಳಿದೆ.

"ಇದು ಸೋಪಲ್ಲ ಸಾರ್, ನೊರೆ ಬಂದ್ರೆ ಆಯ್ತು ಹೇಳ್ಲಿಕ್ಕೆ. ಒಳಗೆ ತೇವ ಉಂಟಾ ಇಲ್ವಾ ಅಂತ ಗೊತ್ತಾಗ್ಲಿಕ್ಕೆ ಏಳು ದಿನ ಬೇಕೇ ಬೇಕು."

ಆದರೂ ಎರಡೇ ದಿನಕ್ಕೆ ರೇಡಿಯೋಗಳು ಹೋದವು. ತಿಂಗಳೊಳಗೆ ಹೆಚ್ಚಿನವು ಒಂದೊಂದಾಗಿ ಹಿಂದೆ ಬಂದವು. ಅಂಗಡಿಯ ಯಜಮಾನರಾದ ಬ್ಯಾರಿಯವರು ಒಂದನ್ನು ನನ್ನ ಮೇಜಿನ ಮೇಲಿಟ್ಟು, "ಇದೆಂತ ಮಾರಾಯ್ರೆ, ವಾರ್ತೆ ಕೇಳುವಾ ಅಂದ್ರೆ ಜೇನುಗೂಡಿನ ಹಾಗೆ ಗುಂಯ್ ಅಂತದೆ" ಎಂದರು.

ಪಾಲುದಾರರು ಕೆಲಸದವರೆಲ್ಲರ ಎದುರು ರಟ್ಟುಗಳನ್ನು ಬಿಚ್ಚಿಸಿದರು. ಎಲ್ಲದರಲ್ಲೂ ಕೆಂಪು ಏಳು.

"ಅದು ನನ್ನ ಏಳಲ್ಲ. ನೀವು ಸರಿಯಾಗಿ ನೋಡಿ ಸಾರ್," ಎಂದು ಮೆಕ್ಯಾನಿಕ್ ನನಗೆ ಹೇಳಿದರು.

ನಾನು ನೋಡಲಿಲ್ಲ. ಪಾಲುದಾರರಿಗೆ, "ಅವರೇ ಬರೆದಿರಬೇಕು" ಎಂದೆ. ಹಾಗೆ ನಂಬಿಯೇ ಹೇಳಿದೆ ಎಂದು ಈಗಲೂ ಅನ್ನಿಸುತ್ತದೆ. ಅಂದೇ ಅವರ ಕೆಲಸ ಹೋಯಿತು. ಅವರಿಲ್ಲದೆ ಕಾರ್ಖಾನೆ ಒಂದು ಮಳೆಗಾಲವನ್ನೂ ತಾಳಲಿಲ್ಲ. ಪಾಲುದಾರರು ನನ್ನನ್ನೂ ಕಳಿಸಿದರು.

ಕೆಲವು ವರ್ಷಗಳ ನಂತರ ಕೂಳೂರಿನ ಬಂಧುಗಳ ಮನೆಯಲ್ಲಿ ಆ ನಲವತ್ತರಲ್ಲಿ ಒಂದು ರೇಡಿಯೋ ಕಂಡೆ. ಧೂಳು ಒರೆಸಲು ಹಿಂಬದಿ ಬಿಚ್ಚಿಟ್ಟಿದ್ದರು. ಕೆಂಪು ಮಾಸಿರಲಿಲ್ಲ. ಏಳರ ನಡುವಿಗೆ ಒಂದು ಅಡ್ಡಗೆರೆ. 1 ಎಂದು ಓದಿಕೊಳ್ಳದಿರಲೆಂದು ಮದರಾಸಿನ ಪ್ರೊಫೆಸರರೊಬ್ಬರು ಕಲಿಸಿದ ಗೆರೆ. ಆ ಕಾರ್ಖಾನೆಯಲ್ಲಿ ಹಾಗೆ ಬರೆಯುತ್ತಿದ್ದವನು ನಾನೊಬ್ಬನೇ.

ನಲವತ್ತು ರಟ್ಟು, ಕೆಂಪು ಪೆನ್ಸಿಲು, ನನ್ನ ಕೈ. ಎಷ್ಟು ಕೆದಕಿದರೂ ನೆನಪು ಬರುವುದಿಲ್ಲ. ಗುಂಯ್ ಎಂಬ ಸದ್ದು ಮಾತ್ರ ಬರುತ್ತದೆ. ನಾನು ಬರೆದು ಕಳಿಸುತ್ತಿದ್ದ ಕೆಲಸದ ಚೀಟಿಗಳಲ್ಲಿ ಆ ಏಳನ್ನು ಮೆಕ್ಯಾನಿಕ್ ದಿನವೂ ಓದುತ್ತಿದ್ದರು. ಅದು ಯಾರದೆಂದು ಅವರಿಗೆ ಗೊತ್ತಿತ್ತು. ಅಷ್ಟು ಜನರ ಎದುರು ಅವರು ನನ್ನ ಹೆಸರು ಹೇಳಲಿಲ್ಲ.